ಮೇಟ್ರನ್ ಐರೀನ್ ಡ್ರಮಂಡ್ ಅವರ ಕೊನೆಯ ಮಾತು: ಕನ್ನಡದಲ್ಲಿ ಹೇಗೆ ಬರೆಯುವುದು?

ಗಿರಿಜಾ ಮೇಡಂ, ದಾವಣಗೆರೆ

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೇ 12 ದಾದಿಯರ ದಿನ. ಪ್ರತಿ ವರ್ಷವೂ ಗೋಡೆಪತ್ರಿಕೆಯಲ್ಲಿ ದೀಪ ಹಿಡಿದ ನೈಟಿಂಗೇಲ್ ಅವರ ಚಿತ್ರವೇ ಇರುತ್ತದೆ. ಈ ಸಲ ಎರಡನೇ ವರ್ಷದ ಹುಡುಗಿಯರು ಬೇರೆ ಯಾರ ಬಗ್ಗೆಯಾದರೂ ಬರೆಯುತ್ತೇವೆ ಎಂದು ಹಟ ಹಿಡಿದರು. ನಾನು ಐರೀನ್ ಡ್ರಮಂಡ್ ಹೆಸರು ಹೇಳಿದೆ. ಒಬ್ಬರೂ ಕೇಳಿರಲಿಲ್ಲ.

ತಿಳಿಯದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಡ್ರಮಂಡ್ ಆಸ್ಟ್ರೇಲಿಯಾದವರು, ಹುಟ್ಟಿದ್ದು 1905ರಲ್ಲಿ. ಬ್ರೋಕನ್ ಹಿಲ್ ಎಂಬ ಗಣಿ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ನಂತರ ಸೇನಾ ಶುಶ್ರೂಷಾ ದಳಕ್ಕೆ ಸೇರಿದರು. ಮಲಯಾಕ್ಕೆ ಬಂದು, 1941ರಲ್ಲಿ ಅಲ್ಲಿನ 13ನೇ ಜನರಲ್ ಆಸ್ಪತ್ರೆಗೆ ಮೇಟ್ರನ್, ಅಂದರೆ ದಾದಿಯರ ಮುಖ್ಯಸ್ಥೆ, ಆದರು. ಜಪಾನಿ ಸೇನೆ ಸಿಂಗಪುರದ ಬಾಗಿಲಿಗೆ ಬಂದಾಗ, 1942ರ ಫೆಬ್ರವರಿ 12ರಂದು, ವೈನರ್ ಬ್ರೂಕ್ ಎಂಬ ಸಣ್ಣ ಹಡಗಿನಲ್ಲಿ 65 ದಾದಿಯರನ್ನು ಹೊರಗೆ ಕಳುಹಿಸಿದರು. ಅವರಲ್ಲಿ ಇವರೂ ಒಬ್ಬರು. 14ರಂದು ಬಾಂಬು ಬಿದ್ದು ಹಡಗು ಮುಳುಗಿತು. 12 ದಾದಿಯರು ಕಡಲಿನಲ್ಲೇ ಸತ್ತರು. 22 ಮಂದಿ ಸುಮಾತ್ರಾದ ಪಕ್ಕದ ಬಾಂಕಾ ದ್ವೀಪದ ರಾಡ್ಜಿ ಎಂಬ ಕಡಲತೀರ ಮುಟ್ಟಿದರು. ಅಲ್ಲಿ ಗಾಯಾಳುಗಳಿದ್ದರು, ಹೆಂಗಸರು ಮಕ್ಕಳಿದ್ದರು, ಇನ್ನೊಂದು ಹಡಗಿನಿಂದ ಪಾರಾದ ಸೈನಿಕರಿದ್ದರು. ಊಟವಿಲ್ಲ, ಔಷಧವಿಲ್ಲ. ಶರಣಾಗುವುದೆಂದು ತೀರ್ಮಾನಿಸಿ ಹಡಗಿನ ಅಧಿಕಾರಿಯೊಬ್ಬರು ಮುಂಟೋಕ್ ಪಟ್ಟಣಕ್ಕೆ ನಡೆದರು. ಹೆಂಗಸರನ್ನೂ ಮಕ್ಕಳನ್ನೂ ಹಿಂದೆಯೇ ಹೊರಡುವಂತೆ ಹೇಳಿದವರು ಡ್ರಮಂಡ್. ದಾದಿಯರು ಗಾಯಾಳುಗಳ ಬಳಿ ಉಳಿದರು.

16ರಂದು ಜಪಾನಿ ಸೈನಿಕರು ಬಂದರು. ಗಂಡಸರನ್ನು ಬಂಡೆಯ ಆಚೆಗೆ ಕರೆದೊಯ್ದು ಕೊಂದರು. ಬಯೋನೆಟ್ ಒರೆಸಿಕೊಳ್ಳುತ್ತಾ ಮರಳಿ ಬಂದು, ದಾದಿಯರನ್ನು ಸಾಲಾಗಿ ಸಮುದ್ರಕ್ಕೆ ನಡೆಸಿದರು. ನೀರು ಸೊಂಟಕ್ಕೆ ಬಂದಾಗ ಹಿಂದಿನಿಂದ ಮೆಷಿನ್ ಗನ್ನಿನಿಂದ ಗುಂಡು ಹಾರಿಸಿದರು. 21 ಮಂದಿ ಸತ್ತರು. ಸಾಯುವ ಮುನ್ನ ಡ್ರಮಂಡ್ ತಮ್ಮ ಹುಡುಗಿಯರಿಗೆ ಒಂದು ಮಾತು ಹೇಳಿದರಂತೆ. ಬದುಕುಳಿದ ಒಬ್ಬರೇ ಒಬ್ಬರು, ವಿವಿಯನ್ ಬುಲ್‌ವಿಂಕಲ್, ಅದನ್ನು ನೆನಪಿಟ್ಟುಕೊಂಡು ಹೇಳಿದ್ದಾರೆ. ಆ ಮಾತನ್ನು ಗೋಡೆಪತ್ರಿಕೆಗೆ ಹೀಗೆ ಕನ್ನಡಕ್ಕೆ ತಂದಿದ್ದೇನೆ: “ಗಲ್ಲ ಮೇಲೆತ್ತಿ ಹುಡುಗಿಯರೇ. ನಿಮ್ಮ ಬಗ್ಗೆ ನನಗೆ ಹೆಮ್ಮೆ ಇದೆ. ನಿಮ್ಮೆಲ್ಲರನ್ನೂ ಪ್ರೀತಿಸುತ್ತೇನೆ.”

ಓದಿದರೆ ಸತ್ತಂತಿದೆ. ಸರಿಯಾದ ಕನ್ನಡ ಬೇಕು, ಸಹಾಯ ಮಾಡಿ.

ಇನ್ನೊಂದು ವಿಷಯ. ನಮ್ಮ ಸಹೋದ್ಯೋಗಿಯೊಬ್ಬರು “ಆಕೆ ಹೆಂಗಸರು ಮಕ್ಕಳ ಜೊತೆ ಹೊರಟುಬಿಡಬೇಕಿತ್ತು. 21 ಜೀವ ಉಳಿಯುತ್ತಿತ್ತು. ಇದನ್ನು ಮಕ್ಕಳ ಮುಂದೆ ಆದರ್ಶ ಎಂದು ಇಡಬೇಡಿ” ಎಂದರು. ಎರಡು ದಿನದಿಂದ ಆ ಮಾತು ನನ್ನನ್ನು ಕೊರೆಯುತ್ತಿದೆ. ನೀವೇನು ಹೇಳುತ್ತೀರಿ?

ಕಡಲತಡಿ

“ಗಲ್ಲ ಮೇಲೆತ್ತಿ” ಖಂಡಿತ ಬೇಡ ಮೇಡಂ. ಫೋಟೋ ತೆಗೆಯುವವನು ಹೇಳುವ ಮಾತು ಅದು. “ಎದೆಗುಂದಬೇಡಿ” ಎನ್ನಿ.

ರಾತ್ರಿ ಪಾಳಿ

ನಿಮ್ಮ ಸಹೋದ್ಯೋಗಿ ವಾರ್ಡಿನಲ್ಲಿ ಕೆಲಸ ಮಾಡಿದ್ದಾರೋ ಇಲ್ಲವೋ ಎಂದು ಮೊದಲು ಕೇಳಿ. ಸ್ಟ್ರೆಚರ್ ಮೇಲೆ ಮಲಗಿದವನನ್ನು ಮರಳಿನಲ್ಲಿ ಬಿಟ್ಟು ಯಾವ ಸಿಸ್ಟರ್ ಎದ್ದು ಹೋಗುತ್ತಾಳೆ?

ವಕೀಲ, ಹುಬ್ಬಳ್ಳಿ

ಭಾವುಕರಾಗದೆ ನೋಡೋಣ. ಆ ಸಹೋದ್ಯೋಗಿಯ ಪ್ರಶ್ನೆ ತಪ್ಪಲ್ಲ. ಆದರೆ ಫಲಿತಾಂಶ ಗೊತ್ತಾದ ಮೇಲೆ ತೀರ್ಪು ಕೊಡುವುದು ಸುಲಭ. ಡ್ರಮಂಡ್ ಅವರಿಗೆ ಆ ಬೆಳಿಗ್ಗೆ ಏನು ಗೊತ್ತಿತ್ತು ಎಂಬುದೇ ಮುಖ್ಯ. ಅವರು ಸಮವಸ್ತ್ರದಲ್ಲಿದ್ದರು, ತೋಳಿನಲ್ಲಿ ರೆಡ್ ಕ್ರಾಸ್ ಪಟ್ಟಿ ಇತ್ತು. ಗಾಯಾಳುಗಳ ಮತ್ತು ಅವರ ಆರೈಕೆ ಮಾಡುವವರ ರಕ್ಷಣೆಗಾಗಿ 1929ರ ಜಿನೀವಾ ಒಪ್ಪಂದ ಇತ್ತು, ಜಪಾನ್ ಅದನ್ನು ಅನುಮೋದಿಸಿತ್ತು. ಅದೇ ವರ್ಷದ ಯುದ್ಧಕೈದಿಗಳ ಒಪ್ಪಂದಕ್ಕೆ ಸಹಿ ಮಾತ್ರ ಹಾಕಿತ್ತು, ಅನುಮೋದಿಸಿರಲಿಲ್ಲ. ಜನ ಈ ಎರಡನ್ನೂ ಬೆರೆಸಿ “ಜಪಾನ್ ಒಪ್ಪಿಯೇ ಇರಲಿಲ್ಲ” ಎನ್ನುತ್ತಾರೆ, ಅದು ತಪ್ಪು. ಗಾಯಾಳುಗಳ ಪಕ್ಕ ನಿಂತ ದಾದಿಗೆ ಕಾನೂನಿನ ಪೂರ್ಣ ರಕ್ಷಣೆ ಇತ್ತು. ಆಕೆ ಆ ಕಾನೂನನ್ನು ನಂಬಿದ್ದರು.

ಇತಿಹಾಸಪ್ರಿಯ

ಹಾಗಾದರೆ ಹಡಗಿನ ಮೇಲೆ ಬಾಂಬು ಹಾಕಿದ್ದೂ ಯುದ್ಧಾಪರಾಧವೇ ಅಲ್ಲವೇ?

ವಕೀಲ, ಹುಬ್ಬಳ್ಳಿ

ಅಲ್ಲ ಸರ್. ವೈನರ್ ಬ್ರೂಕ್ ಆಸ್ಪತ್ರೆ ಹಡಗಾಗಿರಲಿಲ್ಲ. ಅದರ ಮೇಲೆ ರೆಡ್ ಕ್ರಾಸ್ ಗುರುತು ಇರಲಿಲ್ಲ, ಬಂದೂಕು ಕೂಡ ಕೂರಿಸಿದ್ದರು. ಸರವಾಕದ ರಾಜನ ಹೆಸರಿನ ಪುಟ್ಟ ಹಡಗು ಅದು, ಅಷ್ಟೊಂದು ಜನರಿಗಾಗಿ ಕಟ್ಟಿದ್ದಲ್ಲ. ಅಪರಾಧ ನಡೆದದ್ದು ದಡದಲ್ಲಿ. 1943ರ ಮೇ 14ರಂದು ಮುಳುಗಿಸಿದ ಸೆಂಟಾರ್ ಹಡಗಿನ ಕತೆ ಬೇರೆ. ಅದು ದೀಪ ಬೆಳಗಿಸಿಕೊಂಡು ಹೋಗುತ್ತಿದ್ದ ನಿಜವಾದ ಆಸ್ಪತ್ರೆ ಹಡಗು. 332 ಜನರಲ್ಲಿ 268 ಮಂದಿ ಸತ್ತರು. ಹನ್ನೆರಡು ದಾದಿಯರಲ್ಲಿ ಉಳಿದವರು ಒಬ್ಬರು.

ಅಡಿಲೇಡ್ ಕನ್ನಡತಿ

ಗಿರಿಜಾ ಅವರೇ, ನೀವು ಈ ಹೆಸರು ಎತ್ತಿದ್ದು ನೋಡಿ ಕಣ್ಣು ತುಂಬಿತು. ನಾನು ಇಲ್ಲಿ ವೃದ್ಧರ ಆರೈಕೆ ಕೇಂದ್ರದಲ್ಲಿ ದಾದಿ. ಬಂದು ಹದಿನಾಲ್ಕು ವರ್ಷವಾಯಿತು.

ಕೆಲವು ವರ್ಷಗಳ ಹಿಂದೆ ಕ್ಯಾನ್‌ಬೆರಾದ ಯುದ್ಧ ಸ್ಮಾರಕಕ್ಕೆ ಹೋಗಿದ್ದೆ. ಬುಲ್‌ವಿಂಕಲ್ ಆ ದಿನ ಉಟ್ಟಿದ್ದ ಬೂದು ಬಣ್ಣದ ಸಮವಸ್ತ್ರ ಅಲ್ಲಿದೆ. ಗುಂಡು ಒಳಹೊಕ್ಕು ಹೊರಬಂದ ತೂತುಗಳು ಹಾಗೆಯೇ ಇವೆ. ಬಹಳ ಚಿಕ್ಕವು. ನಾವು ಸಿಗಿಸಿಕೊಳ್ಳುವ ಹೆಸರಿನ ಪಟ್ಟಿಯ ಪಿನ್ ಸಡಿಲವಾಗಿ ಬಟ್ಟೆ ಹರಿದರೆ ಆಗುವ ತೂತಿಗಿಂತ ತುಸು ದೊಡ್ಡದು ಎನಿಸಿತು. ಗುಂಡು ಸೊಂಟದ ಮೇಲೆ ಹೊಕ್ಕು, ಒಳಗಿನ ಯಾವ ಅಂಗಕ್ಕೂ ತಾಗದೆ ಹೊರಬಂತು. ಆಕೆ ಸತ್ತವರಂತೆ ನೀರಿನಲ್ಲಿ ತೇಲಿದರು. ನಂತರ ಕಾಡಿನಲ್ಲಿ ಕಿಂಗ್ಸ್ಲಿ ಎಂಬ ಗಾಯಗೊಂಡ ಬ್ರಿಟಿಷ್ ಸೈನಿಕ ಸಿಕ್ಕ. ತನ್ನ ಗಾಯ ಇಟ್ಟುಕೊಂಡೇ ಹನ್ನೆರಡು ದಿನ ಆತನ ಆರೈಕೆ ಮಾಡಿದರು. ಹತ್ತಿರದ ಹಳ್ಳಿಯ ಗಂಡಸರು ಹೆದರಿ ಸಹಾಯ ನಿರಾಕರಿಸಿದಾಗ ಹೆಂಗಸರು ಕದ್ದುಮುಚ್ಚಿ ಊಟ ಕೊಟ್ಟರು. ಎರಡನೇ ಸಲ ಶರಣಾಗುವಾಗ ನೀರಿನ ಬಾಟಲಿಯನ್ನು ಆ ತೂತು ಮುಚ್ಚುವಂತೆ ಹೆಗಲಿಗೆ ಹಾಕಿಕೊಂಡರು. ತೂತು ಕಂಡಿದ್ದರೆ ಹತ್ಯಾಕಾಂಡಕ್ಕೆ ಸಾಕ್ಷಿ ಉಳಿದಿದ್ದಾಳೆಂದು ಗೊತ್ತಾಗುತ್ತಿತ್ತು. ಕಿಂಗ್ಸ್ಲಿ ಕೆಲವೇ ದಿನಗಳಲ್ಲಿ ತೀರಿಕೊಂಡ.

ಅದನ್ನು ನೋಡಿದ ದಿನ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದೇ: ಉಳಿದ 21 ಸಮವಸ್ತ್ರಗಳು ಎಲ್ಲಿ ಹೋದವು?

ಮಂಡ್ಯದ ಮಗಳು

ಅಕ್ಕ, 2023ರಲ್ಲಿ ಅಲ್ಲಿ ಪ್ರತಿಮೆ ಇಟ್ಟರಲ್ಲ, ಅದು ಡ್ರಮಂಡ್ ಅವರದ್ದೇ?

ಅಡಿಲೇಡ್ ಕನ್ನಡತಿ

ಇಲ್ಲಮ್ಮ, ಬುಲ್‌ವಿಂಕಲ್ ಅವರದ್ದು. ಸ್ಮಾರಕದ ಆವರಣದಲ್ಲಿ ಒಬ್ಬ ಮಹಿಳೆಯ ಹೆಸರಿನಲ್ಲಿ ನಿಂತ ಮೊದಲ ಪ್ರತಿಮೆ ಅದೇ. ಪಾದದ ಸುತ್ತ ಉಕ್ಕಿನ 22 ಪುಟ್ಟ ಬಿಲ್ಲೆಗಳನ್ನು ಕೂರಿಸಿದ್ದಾರೆ, ಆ ತೀರದ ಹೆಂಗಸರ ನೆನಪಿಗೆ. ಡ್ರಮಂಡ್ ಅವರದ್ದೂ ಅವುಗಳಲ್ಲಿ ಒಂದು.

ಗಿರಿಜಾ ಮೇಡಂ, ದಾವಣಗೆರೆ

ನಾನು ಬುಲ್‌ವಿಂಕಲ್ ಬದಲು ಡ್ರಮಂಡ್ ಹೆಸರು ಹೇಳಿದ್ದು ಇದೇ ಕಾರಣಕ್ಕೆ. ಬದುಕಿ ಬಂದವರಿಗೆ ಗೌರವ ಸಲ್ಲಲೇಬೇಕು. ಆದರೆ ಮೇಟ್ರನ್ ಬಗ್ಗೆ ಹುಡುಕಿದರೆ ಎಲ್ಲ ಕಡೆ ಆ ಒಂದು ವಾಕ್ಯ ಮಾತ್ರ ಸಿಗುತ್ತದೆ. 36 ವರ್ಷ ಬದುಕಿದ ಹೆಂಗಸು ಒಂದೇ ವಾಕ್ಯವಾಗಿ ಉಳಿದರೆ, ಆ ವಾಕ್ಯವನ್ನಾದರೂ ನಾವು ಕೆಡಿಸಬಾರದು.

ಇತಿಹಾಸಪ್ರಿಯ

ಒಂದು ಸಣ್ಣ ಮಾಹಿತಿ ಸೇರಿಸುತ್ತೇನೆ. ಬುಲ್‌ವಿಂಕಲ್ ತರಬೇತಿ ಪಡೆದದ್ದೂ ಬ್ರೋಕನ್ ಹಿಲ್ ಆಸ್ಪತ್ರೆಯಲ್ಲೇ. ಇಬ್ಬರೂ ಒಂದೇ ಊರಿನ ವಾರ್ಡುಗಳನ್ನು ಕಂಡವರು. ಸಾಲಿನಲ್ಲಿ ನಿಂತಾಗ ಆ ಮಾತು ಅಪರಿಚಿತ ಅಧಿಕಾರಿಯ ಬಾಯಿಂದ ಬಂದದ್ದಲ್ಲ.

ಸುಬೇದಾರ್ (ನಿವೃತ್ತ), ಕೊಡಗು

ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. 1999ರಲ್ಲಿ ಶ್ರೀನಗರದ ಬೇಸ್ ಆಸ್ಪತ್ರೆಯಲ್ಲಿದ್ದೆ. ಹೆಲಿಕಾಪ್ಟರ್ ಇಳಿದ ಸದ್ದಾದರೆ ಊಟದ ತಟ್ಟೆ ಹಾಗೆಯೇ ಬಿಟ್ಟು ಓಡುತ್ತಿದ್ದೆವು. ನಮ್ಮ ವಾರ್ಡಿನ ಸಿಸ್ಟರ್ ಕ್ಯಾಪ್ಟನ್ ಹುದ್ದೆಯವರು, ನಾವು ಅವರಿಗೆ ಸೆಲ್ಯೂಟ್ ಹೊಡೆಯಬೇಕು. ಆದರೆ ಕಾಲು ಕಳೆದುಕೊಂಡ ಹುಡುಗನೊಬ್ಬ ನಿದ್ದೆಗಣ್ಣಿನಲ್ಲಿ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದ. ಅವರು ತಿದ್ದಲಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಅವನ ಡ್ರೆಸ್ಸಿಂಗ್ ಬಿಚ್ಚುವಾಗ ಅಂಟಿಕೊಂಡ ಗಾಜ್ ಬಟ್ಟೆಯನ್ನು ಸಲೈನ್ ಹಾಕಿ ನೆನೆಸಿ ನೆನೆಸಿ ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ಅದಕ್ಕೆ ಇಪ್ಪತ್ತು ನಿಮಿಷ ಬೇಕು. ಎಳೆದು ಕಿತ್ತರೆ ಒಂದು ನಿಮಿಷ. ಅವರು ಒಂದು ದಿನವೂ ಕಿತ್ತವರಲ್ಲ.

ಡ್ರಮಂಡ್ ಯಾಕೆ ಉಳಿದರು ಎಂದು ಕೇಳುವವರಿಗೆ ನನ್ನ ಉತ್ತರ ಇದು. ಅವರು ಆ ಬೆಳಿಗ್ಗೆ ಹೊಸದಾಗಿ ಏನನ್ನೂ ನಿರ್ಧರಿಸಲಿಲ್ಲ. ವರ್ಷಗಟ್ಟಲೆ ದಿನವೂ ಮಾಡಿದ್ದನ್ನೇ ಆ ದಿನವೂ ಮಾಡಿದರು.

ಮತ್ತೆ ಆ ವಾಕ್ಯ. ಗಂಡಸರನ್ನು ಕೊಂದ ಸದ್ದು ಕೇಳಿದ ಮೇಲೆ, ಬೆನ್ನ ಹಿಂದೆ ಬಂದೂಕು ಇರುವಾಗ ಯಾರೂ “ನಿಮ್ಮ ಬಗ್ಗೆ ನನಗೆ ಹೆಮ್ಮೆ ಇದೆ” ಎಂದು ಭಾಷಣದ ಹಾಗೆ ಹೇಳುವುದಿಲ್ಲ. ಚಿಕ್ಕದಾಗಿ ಬರೆಯಿರಿ.

ರಾತ್ರಿ ಪಾಳಿ

ಸರ್, ನಿಮ್ಮ ಎರಡನೇ ಪ್ಯಾರಾ ಪ್ರಿಂಟ್ ತೆಗೆದು ನಮ್ಮ ಡ್ಯೂಟಿ ರೂಮಿನಲ್ಲಿ ಅಂಟಿಸುತ್ತೇನೆ.

2021ರ ಮೇ ತಿಂಗಳು ನಾನು ಕೋವಿಡ್ ವಾರ್ಡಿನಲ್ಲಿದ್ದೆ. ಆಮ್ಲಜನಕದ ಒತ್ತಡ ಇಳಿಯುತ್ತಿತ್ತು, ಸಿಲಿಂಡರ್ ಬರುವುದು ತಡ. ಮನೆಯವರಿಗೆ ಒಳಗೆ ಪ್ರವೇಶವಿಲ್ಲ. ಒಬ್ಬ ಅಜ್ಜಿ ನನ್ನ ಕೈಗವಸಿನ ಬೆರಳು ಹಿಡಿದುಕೊಂಡು ಬಿಡಲೇ ಇಲ್ಲ. ಪಾಳಿ ಮುಗಿದು ಒಂದು ಗಂಟೆ ಕಳೆದರೂ ನಿಂತೇ ಇದ್ದೆ. ಆ ವರ್ಷ ಕೊಡುತ್ತೇವೆಂದ ಹೆಚ್ಚುವರಿ ಭತ್ಯೆ ನಮ್ಮ ಆಸ್ಪತ್ರೆ ಇಂದಿನವರೆಗೂ ಕೊಟ್ಟಿಲ್ಲ. ನಮಗೆ ದಾದಿಯರ ದಿನ ಗುಲಾಬಿ ಹೂ ಕೊಡುತ್ತಾರೆ. ಹೂವಿನ ಬದಲು ಬಾಕಿ ಕೊಡಿ ಎಂದು ಪ್ರತಿ ವರ್ಷ ಕೇಳುತ್ತೇನೆ, ಈ ವರ್ಷವೂ ಕೇಳುತ್ತೇನೆ.

ಬಯಲುಸೀಮೆ

ಕ್ಷಮಿಸಿ, ನಾನು ಒಪ್ಪುವುದಿಲ್ಲ. ಹೀಗೆ ಸತ್ತವರನ್ನೇ ಮುಂದಿಟ್ಟುಕೊಂಡು “ನೋಡಿ, ಅವರು ಜೀವವನ್ನೇ ಕೊಟ್ಟರು, ನೀವು ಭತ್ಯೆ ಕೇಳುತ್ತೀರಲ್ಲ” ಎನ್ನುತ್ತಾರೆ. ನನ್ನ ತಂಗಿ ದಾದಿ. ತ್ಯಾಗ ಎಂಬ ಪದ ಕೇಳಿದರೆ ಸಾಕು, ಅವಳಿಗೆ ಸಂಬಳ ಕಡಿತವೇ ನೆನಪಾಗುತ್ತದೆ. ಗಿರಿಜಾ ಮೇಡಂ ಅವರ ಸಹೋದ್ಯೋಗಿ ಹೇಳಿದ್ದರಲ್ಲಿ ಅರ್ಥವಿದೆ.

ರಾತ್ರಿ ಪಾಳಿ

ಅಣ್ಣ, ನಾನು ಭತ್ಯೆಯನ್ನೂ ಕೇಳುತ್ತೇನೆ, ಅಜ್ಜಿಯ ಬಳಿಯೂ ನಿಲ್ಲುತ್ತೇನೆ. ಒಂದನ್ನು ತೋರಿಸಿ ಇನ್ನೊಂದನ್ನು ಕಸಿಯುವವರ ಮೇಲೆ ಜಗಳವಾಡೋಣ, ಡ್ರಮಂಡ್ ಮೇಲೆ ಬೇಡ.

ಗಿರಿಜಾ ಮೇಡಂ, ದಾವಣಗೆರೆ

ಬಯಲುಸೀಮೆಯವರ ಮಾತು ನನಗೆ ತಟ್ಟಿತು. ಗೋಡೆಪತ್ರಿಕೆಯಲ್ಲಿ ತ್ಯಾಗ ಎಂಬ ಪದವನ್ನು ಬಳಸುವುದಿಲ್ಲ ಎಂದು ಹುಡುಗಿಯರಿಗೆ ಹೇಳಿಬಿಟ್ಟೆ. ಕೊಂದರು ಎಂದೇ ಬರೆಯುತ್ತೇವೆ.

ಕಬಿನಿ ತೀರ

ನಮ್ಮ ಅಜ್ಜಿಯ ಅಣ್ಣ ಮೈಸೂರು ಸಂಸ್ಥಾನದ ಪದಾತಿ ದಳದಲ್ಲಿದ್ದರು. ಮೈಸೂರಿನ ಒಂದನೇ ಬೆಟಾಲಿಯನ್ ಆಗ ಸಿಂಗಪುರದಲ್ಲಿತ್ತು, ಫೆಬ್ರವರಿ 15ರಂದು ಶರಣಾದವರಲ್ಲಿ ಅವರೂ ಸೇರಿದ್ದರು. ಅಂದರೆ ಈ ದಾದಿಯರು ರಾಡ್ಜಿ ತೀರದಲ್ಲಿ ಒದ್ದೆ ಬಟ್ಟೆಯಲ್ಲಿ ಕೂತಿದ್ದ ದಿನ ನಮ್ಮ ಆ ಅಜ್ಜ ಸಿಂಗಪುರದಲ್ಲಿ ಬಂದೂಕು ಕೆಳಗಿಟ್ಟಿದ್ದರು. ವಾಪಸ್ಸು ಬಂದ ಮೇಲೆ ಅನ್ನವನ್ನು ತಟ್ಟೆಯಲ್ಲಿ ಒಂದು ಅಗುಳೂ ಬಿಡುತ್ತಿರಲಿಲ್ಲ ಎಂದಷ್ಟೇ ಮನೆಯಲ್ಲಿ ಹೇಳುತ್ತಾರೆ. ಸೆರೆಯ ಬಗ್ಗೆ ಬಾಯಿ ಬಿಟ್ಟವರಲ್ಲ.

ಮಂಡ್ಯದ ಮಗಳು

ಬದುಕಿದ ದಾದಿಯರೂ ಮಾತಾಡಲಿಲ್ಲವೇ?

ಇತಿಹಾಸಪ್ರಿಯ

ಸೆರೆಯಲ್ಲಿದ್ದಾಗ ಮಾತಾಡುವಂತಿರಲಿಲ್ಲ. ಬುಲ್‌ವಿಂಕಲ್ ಮುಂಟೋಕ್ ಸೆರೆಮನೆಗೆ ಬಂದಾಗ ಅಲ್ಲಿ ಬೇರೆ ಕಡೆ ದಡ ಸೇರಿದ್ದ 31 ದಾದಿಯರು ಇದ್ದರು. ವಿಷಯ ಕೇಳಿದವರೇ ಇನ್ನು ಇದನ್ನು ಯಾರೂ ಆಡಬಾರದು ಎಂದು ತೀರ್ಮಾನಿಸಿದರು. ಮೂರೂವರೆ ವರ್ಷ ಒಬ್ಬರೂ ಬಾಯಿ ಬಿಡಲಿಲ್ಲ. ಈ 32 ಮಂದಿಯಲ್ಲಿ 8 ಮಂದಿ ಹಸಿವು, ಕಾಯಿಲೆಯಿಂದ ಕೊನೆಯ ವರ್ಷ ಸತ್ತರು. ಊರಿಗೆ ಮರಳಿದವರು 24. ಬುಲ್‌ವಿಂಕಲ್ 1946ರಲ್ಲಿ ಟೋಕಿಯೋದ ಯುದ್ಧಾಪರಾಧ ನ್ಯಾಯಮಂಡಳಿಯ ಮುಂದೆ ನಿಂತು ಸಾಕ್ಷಿ ನುಡಿದರು. ಹತ್ಯೆಗೆ ಹೊಣೆಯೆಂದು ಗುರುತಿಸಿದ್ದ ಅಧಿಕಾರಿ ಒರಿಟಾ ವಿಚಾರಣೆಗೆ ಮುನ್ನವೇ 1948ರಲ್ಲಿ ಸೆರೆಯಲ್ಲಿ ಆತ್ಮಹತ್ಯೆ ಮಾಡಿಕೊಂಡ. ಶಿಕ್ಷೆ ಯಾರಿಗೂ ಆಗಲಿಲ್ಲ.

ಅಡಿಲೇಡ್ ಕನ್ನಡತಿ

ಇನ್ನೊಂದು ಮೌನವೂ ಇದೆ, ಬರೆಯಲು ಕೈ ನಡುಗುತ್ತದೆ. ಗುಂಡು ಹಾರಿಸುವ ಮುನ್ನ ಆ ದಾದಿಯರ ಮೇಲೆ ಅತ್ಯಾಚಾರ ನಡೆದಿತ್ತು, ಅದನ್ನು ನ್ಯಾಯಮಂಡಳಿಯ ಮುಂದೆ ಹೇಳದಂತೆ ಬುಲ್‌ವಿಂಕಲ್ ಅವರನ್ನು ತಡೆಯಲಾಗಿತ್ತು ಎಂದು ಇತಿಹಾಸಕಾರ್ತಿ ಲಿನೆಟ್ ಸಿಲ್ವರ್ ಮತ್ತು ಇತರರು ಕೆಲವು ವರ್ಷಗಳ ಹಿಂದೆ ಬಹಿರಂಗವಾಗಿ ಹೇಳಿದರು. ಬುಲ್‌ವಿಂಕಲ್ 2000ದಲ್ಲಿ ತೀರಿಕೊಂಡರು. ಕುಟುಂಬದವರಿಗೆ ನೋವಾಗಬಾರದು, ಸತ್ತವರ ಮರ್ಯಾದೆ ಉಳಿಯಬೇಕು ಎಂದು ಮುಚ್ಚಿಟ್ಟರಂತೆ. ಯಾರ ಮರ್ಯಾದೆ? ಕೆಡುಕು ಮಾಡಿದವರದ್ದು ಹೋಗಬೇಕಿತ್ತು, ಇವರದ್ದು ಹೋಗಲು ಇವರು ಮಾಡಿದ್ದೇನು?

ವಕೀಲ, ಹುಬ್ಬಳ್ಳಿ

ಇಲ್ಲಿನ ನ್ಯಾಯಾಲಯದಲ್ಲೂ ಇದೇ ಮಾತು ಕೇಳುತ್ತೇನೆ ಅಮ್ಮ. “ಮನೆತನದ ಮರ್ಯಾದೆ” ಎಂದು ದೂರು ವಾಪಸ್ಸು ತೆಗೆಸುತ್ತಾರೆ. ಮೇಡಂ, ಈ ಅಂಶವನ್ನು ವಿದ್ಯಾರ್ಥಿನಿಯರಿಂದ ಮುಚ್ಚಬೇಡಿ. ಹತ್ತೊಂಬತ್ತು ಇಪ್ಪತ್ತು ವರ್ಷದವರು, ನಾಳೆ ವಾರ್ಡಿನಲ್ಲಿ ಇಂಥವರಿಗೆ ಆರೈಕೆ ಮಾಡಬೇಕಾದವರು.

ಕಡಲತಡಿ

ವಿಷಯ ಸ್ವಲ್ಪ ಬೇರೆ. ನಮ್ಮ ಈ ಅರಬ್ಬಿ ಸಮುದ್ರದ ದಕ್ಷಿಣಕ್ಕೆ, ಮಾಲ್ಡೀವ್ಸ್ ಬಳಿ, 1944ರ ಫೆಬ್ರವರಿ 12ರಂದು ಖೆಡಿವ್ ಇಸ್ಮಾಯಿಲ್ ಎಂಬ ಹಡಗನ್ನು ಜಪಾನಿ ಜಲಾಂತರ್ಗಾಮಿ ಮುಳುಗಿಸಿತು. ಮೊಂಬಾಸಾದಿಂದ ಕೊಲಂಬೊಗೆ ಬರುತ್ತಿದ್ದ ಹಡಗು. ಎರಡು ನಿಮಿಷದಲ್ಲಿ ಮುಳುಗಿತು, ಸುಮಾರು 1,300 ಜನ ಹೋದರು. ಅವರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಹಿಳೆಯರು, ಬಹುಪಾಲು ಸೇನಾ ದಾದಿಯರು. ಈಜುತ್ತಿದ್ದವರ ನಡುವೆಯೇ ಬೆಂಗಾವಲು ಹಡಗುಗಳು ಜಲಾಂತರ್ಗಾಮಿಯನ್ನು ಹೊಡೆಯಲು ಸಿಡಿಗುಂಡು ಹಾಕಬೇಕಾಯಿತು. ನಮ್ಮ ಕಡೆ ಮೀನುಗಾರರಿಗೂ ಈ ಹೆಸರು ಗೊತ್ತಿಲ್ಲ.

ಮಂಡ್ಯದ ಮಗಳು

ಇದನ್ನೆಲ್ಲ ಓದಿ ನನಗೆ ಸೇನಾ ಶುಶ್ರೂಷಾ ಸೇವೆಗೆ ಸೇರಬೇಕೆನಿಸುತ್ತಿದೆ. ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಹೇಗೆ?

ಸುಬೇದಾರ್ (ನಿವೃತ್ತ), ಕೊಡಗು

ಬಿ.ಎಸ್ಸಿ. ನರ್ಸಿಂಗ್‌ಗೆ ಸೇನೆಯದೇ ಕಾಲೇಜುಗಳಿವೆ ಮಗಳೇ, ಪುಣೆಯಲ್ಲಿದೆ, ನಮ್ಮ ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲೂ ಇದೆ. ನೀಟ್ ಬರೆಯಬೇಕು. ಮುಗಿಸಿದರೆ ಲೆಫ್ಟಿನೆಂಟ್ ಆಗಿ ಹೊರಬರುತ್ತೀಯ. ಅಧಿಸೂಚನೆಯನ್ನು ನೀನೇ ಓದು, ಏಜೆಂಟರಿಗೆ ಒಂದು ರೂಪಾಯಿ ಕೊಡಬೇಡ.

ಕಬಿನಿ ತೀರ

ವಾಕ್ಯಕ್ಕೆ ಬರೋಣ. “ಹುಡುಗಿಯರೇ” ಬದಲು “ಮಕ್ಕಳೇ” ಎಂದರೆ ಹೇಗೆ? ನಮ್ಮ ಸರ್ಕಾರಿ ಆಸ್ಪತ್ರೆಯ ಹಿರಿಯ ಸಿಸ್ಟರ್ ಎಲ್ಲರನ್ನೂ ಹಾಗೆಯೇ ಕರೆಯುತ್ತಿದ್ದರು.

ಇತಿಹಾಸಪ್ರಿಯ

ಬೇಡ. ಅವರು ವಯಸ್ಕ ಹೆಂಗಸರು, ಸೇನೆಯ ಅಧಿಕಾರಿಗಳು. ಡ್ರಮಂಡ್‌ಗಿಂತ ಹಿರಿಯರೂ ಇದ್ದಿರಬಹುದು.

ರಾತ್ರಿ ಪಾಳಿ

ನಮ್ಮ ಮೇಟ್ರನ್ ನಿವೃತ್ತಿಗೆ ಎರಡು ವರ್ಷ ಇದ್ದ ಸಿಸ್ಟರನ್ನೂ “ಏನಮ್ಮಾ ಹುಡುಗಿ” ಎನ್ನುತ್ತಿದ್ದರು. ಒಟ್ಟಿಗೆ ರಾತ್ರಿ ಕಳೆದವರ ನಡುವಿನ ಸಲಿಗೆ ಅದು. “ಹುಡುಗಿಯರೇ” ಇರಲಿ. ಆದರೆ “ನಿಮ್ಮೆಲ್ಲರನ್ನೂ ಪ್ರೀತಿಸುತ್ತೇನೆ” ಎಂದು ಕನ್ನಡದಲ್ಲಿ ಯಾರು ಹೇಳುತ್ತಾರೆ? ನನ್ನ ಅಮ್ಮ ಈ ಜನ್ಮದಲ್ಲಿ ಹೇಳಿಲ್ಲ.

ಸುಬೇದಾರ್ (ನಿವೃತ್ತ), ಕೊಡಗು

“ಎದೆಗುಂದಬೇಡಿ ಹುಡುಗಿಯರೇ. ನೀವು ನನ್ನ ಹೆಮ್ಮೆ. ನೀವೆಲ್ಲ ನನ್ನವರು.”

ಅಡಿಲೇಡ್ ಕನ್ನಡತಿ

ಸುಬೇದಾರ್ ಸರ್, ಇದು ಸರಿಯಾಗಿದೆ. ಮೂರು ಸಲ ಜೋರಾಗಿ ಓದಿದೆ.

ಬಯಲುಸೀಮೆ

ನನಗೂ ಒಪ್ಪಿಗೆ.

ಗಿರಿಜಾ ಮೇಡಂ, ದಾವಣಗೆರೆ

ಇದನ್ನೇ ಬರೆಸಿದೆ. ಇವತ್ತು ಸಂಜೆ ಪ್ರಯೋಗಾಲಯದ ಮೇಜಿನ ಮೇಲೆ ಚಾರ್ಟ್ ಹರಡಿಕೊಂಡು ಕೂತಿದ್ದಾರೆ. ವಾಕ್ಯದ ಕೆಳಗೆ 21 ಹೆಸರುಗಳನ್ನೂ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದಾರೆ. ಒಬ್ಬಳು ಒಂದೊಂದು ಹೆಸರು, ಅವರವರ ಕೈಬರಹದಲ್ಲಿ. ಹಿಂದಿನಿಂದ ಬಂದು ನೋಡಿದ ಸಹೋದ್ಯೋಗಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ಸ್ಕೇಲ್ ತಂದು ಗೆರೆ ಹಾಕಿಕೊಟ್ಟರು.

ಇತಿಹಾಸಪ್ರಿಯ

ಮೇಡಂ, ಅಂಟಿಸುವ ಮುನ್ನ ಒಂದು ಮಾತು. ಆ ಸಾಲಿನಲ್ಲಿ ದಾದಿಯರ ಜೊತೆ ಒಬ್ಬ ನಾಗರಿಕ ಹೆಂಗಸೂ ಇದ್ದರು, ಬೆಟರಿಡ್ಜ್ ಎಂದು. ಗಾಯಗೊಂಡ ಗಂಡನನ್ನು ಬಿಟ್ಟು ಹೋಗಲಾರೆ ಎಂದು ಉಳಿದವರು. ಅವರನ್ನೂ ಕೊಂದರು. ಚಾರ್ಟಿನಲ್ಲಿ ಜಾಗ ಇದೆಯೇ?

ಗಿರಿಜಾ ಮೇಡಂ, ದಾವಣಗೆರೆ

ಬಲಬದಿಯ ಕೆಳಗೆ ಎರಡು ಬೆರಳಿನಷ್ಟು ಇದೆ. ಬರೆಸುತ್ತಿದ್ದೇನೆ.